ಹತ್ತು ಸಲ ಎಂದರೆ ಯಾವುದನ್ನು ಹತ್ತು ಸಲ?

ಪ್ರಶ್ನೆ: ನಾವು ಹೊನ್ನಾವರ ಕಡೆಯವರು, ಈಗ ಇರುವುದು ಮುಂಬೈ ಬಳಿಯ ಡೊಂಬಿವಲಿಯಲ್ಲಿ. ಮಗನಿಗೆ 12 ವರ್ಷ. ಇಂಗ್ಲಿಷ್ ಮೀಡಿಯಂ 7ನೇ ತರಗತಿ, ಮಧ್ಯಾಹ್ನದ ಶಿಫ್ಟ್. ಹೋದ ವರ್ಷ ಉಪನಯನವಾದ ಮೇಲೆ ವಾರಕ್ಕೆ ಐದು ಸಂಜೆ 7ರಿಂದ 8:15ರವರೆಗೆ ಹತ್ತಿರದ ವೇದಪಾಠಶಾಲೆಗೆ ಹೋಗುತ್ತಾನೆ. ನಮಕ (ರುದ್ರಮಂತ್ರ) ಐದನೇ ಅನುವಾಕದವರೆಗೆ, ಅಂದರೆ ಐದನೇ ಭಾಗದವರೆಗೆ, ಆಗಿದೆ. ಮನೆಯಲ್ಲಿ ದಿನಾ ಹತ್ತು ಸಲ ಹೇಳಿಸಿ ಡೈರಿಯಲ್ಲಿ ಸಹಿ ಮಾಡಬೇಕೆಂದು ಗುರುಗಳ ಅಪ್ಪಣೆ. ನಮ್ಮವರು 4:30ಕ್ಕೆ ಎಬ್ಬಿಸಿ, ಸ್ನಾನ ಸಂಧ್ಯಾವಂದನೆ ಆದ ಮೇಲೆ ಐದೂ ಅನುವಾಕಗಳನ್ನು ಹತ್ತು ಸಲ ಹೇಳಿಸುತ್ತಾರೆ. ಒಂದು ಗಂಟೆಯೊಳಗೆ ಮುಗಿಸುತ್ತಾರೆ. ಅವರು ಲೋಕಲ್ ಹಿಡಿಯಲು 7:20ಕ್ಕೆ ಹೊರಡಬೇಕು. ಮಗ ಶಾಲೆಯ ಹೋಂವರ್ಕ್ ಮುಗಿಸಿ ಮಲಗುವಾಗ ರಾತ್ರಿ 11. ಗಂಟಲು ಕಟ್ಟಿಕೊಂಡಿದೆ. ಅಪ್ಪ ಊರಲ್ಲಿಲ್ಲದ ದಿನ ಒಂದು ಸಲವೂ ಹೇಳದೆ ಡೈರಿಯಲ್ಲಿ 10 ಎಂದು ಬರೆಯುತ್ತಾನೆ. ಗೊತ್ತಿದ್ದೂ ನಾನು ಸಹಿ ಹಾಕಿದ್ದೇನೆ. ಈಗ ಗುರುಗಳು, ಬರುತ್ತಿದ್ದದ್ದೂ ತಪ್ಪುತ್ತಿದೆ ಎನ್ನುತ್ತಿದ್ದಾರೆ. ಎರಡು ದೋಣಿಯ ಮೇಲೆ ಕಾಲು ಬೇಡ, ಬರುವ ವರ್ಷ ಶಾಲೆ ಬಿಡಿಸಿ ಪೂರ್ತಿ ಪಾಠಶಾಲೆಗೇ ಹಾಕೋಣ ಎಂದು ನಮ್ಮವರು, ಅತ್ತೆಯವರು ಹೇಳುತ್ತಾರೆ. ಮಗನನ್ನು ಕೇಳಿದರೆ ಮಾತಾಡುವುದಿಲ್ಲ. ಡೈರಿಯ ವಿಷಯ ಗಂಡನಿಗೆ ಹೇಳಬೇಕೆ? ಸಂಜೆಯ ಪಾಠವನ್ನೇ ನಿಲ್ಲಿಸಿಬಿಡಲೇ? ನಾನು ವೇದ ಕಲಿತವಳಲ್ಲ, ನಡುವೆ ಬಾಯಿ ಹಾಕಲು ಅಂಜಿಕೆ.
– ಹೆಸರು ಬೇಡ

ಉತ್ತರ: ಮೊದಲು ಒಂದು ಲೆಕ್ಕ ಮಾಡೋಣ. ನಮಕದ 11 ಅನುವಾಕಗಳನ್ನು ಸ್ವರ ಕೆಡದಂತೆ ಹೇಳಿದರೆ ಇಪ್ಪತ್ತು ನಿಮಿಷದ ಆಸುಪಾಸು ಬೇಕು. ಮೊದಲನೆಯ ಅನುವಾಕ ಉದ್ದ, ಹಾಗಾಗಿ ಮೊದಲ ಐದಕ್ಕೇ ಒಂಬತ್ತು ಹತ್ತು ನಿಮಿಷ ಹಿಡಿಯುತ್ತದೆ. ಹತ್ತು ಸಲ ಹೇಳಿದರೆ ಒಂದೂವರೆ ಗಂಟೆ ದಾಟಬೇಕು. ನಿಮ್ಮ ಮನೆಯಲ್ಲಿ ಒಂದು ಗಂಟೆಯೊಳಗೆ ಮುಗಿಯುತ್ತಿದೆ ಎಂದರೆ ಒಂದೊಂದು ಆವೃತ್ತಿಗೆ ಆರು ನಿಮಿಷವೂ ಸಿಗುತ್ತಿಲ್ಲ. ಹುಡುಗ ಓಡಿಸುತ್ತಿದ್ದಾನೆ. ಓಡಿಸಿದಾಗ ದೀರ್ಘ ಹ್ರಸ್ವವಾಗುತ್ತದೆ, ವಿಸರ್ಗ ನುಂಗಿಹೋಗುತ್ತದೆ, ಸ್ವರಿತ, ಅಂದರೆ ಏರುದನಿ, ಏಳುವುದೇ ಇಲ್ಲ. ಉಚ್ಚಾರಣೆಯ ಶಾಸ್ತ್ರಗ್ರಂಥವಾದ ಪಾಣಿನೀಯ ಶಿಕ್ಷೆ ಹೇಳುವ ಆರು ಬಗೆಯ ಕೆಟ್ಟ ಪಾಠಕರಲ್ಲಿ ಅವಸರದಿಂದ ಹೇಳುವವನೂ ಒಬ್ಬ. ರಾಗ ಎಳೆಯುವವನು, ತಲೆ ಆಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದವನು, ದನಿ ಕ್ಷೀಣವಾದವನು ಉಳಿದ ಐವರು. ಬರುತ್ತಿದ್ದದ್ದೂ ತಪ್ಪುತ್ತಿದೆ ಎಂದು ಗುರುಗಳು ಹೇಳಿದ್ದು ಇದೇ ಕಾರಣಕ್ಕೆ ಇರಬೇಕು. ದಿನಕ್ಕೆ ಹತ್ತು ಸಲ ತಪ್ಪಾಗಿ ಹೇಳಿದರೆ ಹತ್ತು ಸಲ ತಪ್ಪೇ ಗಟ್ಟಿಯಾಗುತ್ತದೆ.

ಪಾಠಶಾಲೆಗಳಲ್ಲಿ ಸಂಥೆ (ಗುರುಗಳು ಹೇಳಿಕೊಡುವ ಹೊಸ ಪಾಠ) ನಡೆಯುವ ರೀತಿ ನೋಡಿದರೆ, ಗುರುಗಳು ಹೇಳಿದ ಹತ್ತು ಸಲ ಆ ದಿನದ ಸಂಥೆಗೆ ಮಾತ್ರ ಸಂಬಂಧಿಸಿದ್ದು ಎನಿಸುತ್ತದೆ. ಗುರುಗಳು ಒಂದು ಸಲ, ಶಿಷ್ಯರು ಎರಡು ಸಲ ಹೇಳುತ್ತಾ ಒಂದು ಸಂಜೆಗೆ ಆಗುವುದು ನಾಲ್ಕೈದು ಸಾಲು. ನಿಧಾನವಾಗಿ ಹೇಳಿದರೂ ಅದಕ್ಕೆ ಒಂದೂವರೆ ನಿಮಿಷ. ಹತ್ತು ಸಲಕ್ಕೆ ಹದಿನೈದು ನಿಮಿಷ. ಹದಿನೈದು ನಿಮಿಷದ ಕೆಲಸವನ್ನು ಮನೆಯಲ್ಲಿ ಭಕ್ತಿಯಿಂದಲೇ ಆರು ಪಟ್ಟು ಮಾಡಿಕೊಂಡಂತಿದೆ. ಇದು ನಿಮ್ಮ ಯಜಮಾನರ ತಪ್ಪು ಎಂದು ಹೇಳುತ್ತಿಲ್ಲ. ಯಾವುದನ್ನು ಹತ್ತು ಸಲ ಎಂದು ಯಾರೂ ಕೇಳಿಲ್ಲ, ಅಷ್ಟೆ. ಗುರುಗಳನ್ನೇ ಕೇಳಿ ಖಚಿತ ಮಾಡಿಕೊಳ್ಳಿ.

ಸಂಜೆ ಪಾಠ ಬಿಡುವ ಹೊತ್ತಿಗೆ, ಬೇರೆ ಮಕ್ಕಳ ಎದುರು ಕೇಳಬೇಡಿ. ಭಾನುವಾರ ಗುರುಗಳ ಅನುಕೂಲ ಕೇಳಿಕೊಂಡು ಇಬ್ಬರೂ ಹೋಗಿ. ಹತ್ತು ಆವೃತ್ತಿ ಹೊಸ ಸಂಥೆಗೋ ಹಳೆಯದಕ್ಕೂ ಸೇರಿಯೋ, ಹಳೆಯ ಪಾಠ ವಾರಕ್ಕೆ ಎಷ್ಟು ಸಲ, ಯಾವ ಪದದಲ್ಲಿ ಸ್ವರ ತಪ್ಪುತ್ತಿದೆ, ಅವರ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದೋ ಇಲ್ಲವೋ – ಇಷ್ಟನ್ನು ಕೇಳಿ. ಕೊನೆಯದಕ್ಕೆ ಕೆಲವರು ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಟ್ಟುಬಿಡಿ, ಅದರ ಬದಲು ಯೂಟ್ಯೂಬ್ ಹಾಕಬೇಡಿ.

ಮುಂಬೈ ಕಡೆ ಇರುವವರಿಗೆ ಇದನ್ನು ಒತ್ತಿ ಹೇಳಬೇಕು. ನಿಮ್ಮ ಮಗ ಕಲಿಯುತ್ತಿರುವುದು ಕೃಷ್ಣಯಜುರ್ವೇದದ ತೈತ್ತಿರೀಯ ಶಾಖೆಯ ಪಾಠ. ಇಲ್ಲಿನ ಮರಾಠಿ ಪುರೋಹಿತರಲ್ಲಿ ಅನೇಕರು ಶುಕ್ಲಯಜುರ್ವೇದದ ಮಾಧ್ಯಂದಿನ ಶಾಖೆಯವರು. ಅವರ ರುದ್ರ ಆ ಸಂಹಿತೆಯ 16ನೇ ಅಧ್ಯಾಯ. ಮೊದಲ ಮಂತ್ರದಲ್ಲೇ ನಮ್ಮಲ್ಲಿರುವ ‘ನಮಸ್ತೇ ಅಸ್ತು ಧನ್ವನೇ’ ಅವರಲ್ಲಿಲ್ಲ, ‘ಷ’ಕಾರವನ್ನು ಅನೇಕ ಕಡೆ ‘ಖ’ ಎಂದು ಉಚ್ಚರಿಸುತ್ತಾರೆ. ಅವರ ಪಾಠ ಅವರಿಗೆ ಸರಿ, ನಮ್ಮದು ನಮಗೆ ಸರಿ. ಆದರೆ ಪಕ್ಕದ ದೇವಸ್ಥಾನದ ಅಭಿಷೇಕದಲ್ಲಿ ಒಂದು, ಮೊಬೈಲಿನಲ್ಲಿ ಇನ್ನೊಂದು, ಗುರುಗಳಿಂದ ಮತ್ತೊಂದು ಕೇಳುವ 12 ವರ್ಷದ ಹುಡುಗ ಯಾವುದರಲ್ಲೋ ಶುರುಮಾಡಿ ಯಾವುದರಲ್ಲೋ ಮುಗಿಸುತ್ತಾನೆ. ನಮಕ ಪೂರ್ತಿ ಗಟ್ಟಿಯಾಗುವ ತನಕ ಒಂದೇ ದನಿ ಕಿವಿಗೆ ಬೀಳಲಿ.

ಪುಸ್ತಕದ ವಿಷಯದಲ್ಲೂ ಹೀಗೆಯೇ. ಇಲ್ಲಿ ಬೆಳೆದ ಮಕ್ಕಳು ಮರಾಠಿ, ಹಿಂದಿ ಓದಿ ದೇವನಾಗರಿಯಲ್ಲಿ ಚುರುಕಾಗಿರುತ್ತಾರೆ, ಕನ್ನಡ ಅಕ್ಷರ ತಡವರಿಸುತ್ತಾರೆ. ನಿಮ್ಮವನೂ ಹಾಗೇ ಇದ್ದರೆ ಸ್ವರಚಿಹ್ನೆ ಇರುವ ದೇವನಾಗರಿ ಪುಸ್ತಕ ಕೊಡಿಸಿ. ಅಡಿಯಲ್ಲಿ ಅಡ್ಡಗೆರೆ ಇದ್ದರೆ ಅನುದಾತ್ತ (ತಗ್ಗು ದನಿ), ಮೇಲೆ ಒಂದು ನೆಟ್ಟನೆ ಗೆರೆ ಇದ್ದರೆ ಸ್ವರಿತ, ಎರಡಿದ್ದರೆ ದೀರ್ಘಸ್ವರಿತ, ಏನೂ ಇಲ್ಲದ್ದು ಸಾಮಾನ್ಯವಾಗಿ ಉದಾತ್ತ (ಸಮ ದನಿ). ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಲು ಮಾತ್ರ ಬಿಡಬೇಡಿ, ಅದರಲ್ಲಿ ನ-ಣ, ಹ್ರಸ್ವ-ದೀರ್ಘ ಎಲ್ಲ ಒಂದಾಗಿಬಿಡುತ್ತವೆ. ಪುಸ್ತಕ ಅನುಮಾನ ಬಂದಾಗ ನೋಡಲಿಕ್ಕೆ ಮಾತ್ರ, ಹೇಳುವಾಗ ಮುಚ್ಚಿರಲಿ.

ಇನ್ನು ದಿನದ ಹೊಂದಿಕೆ. ಈ ವಯಸ್ಸಿಗೆ ಕನಿಷ್ಠ ಒಂಬತ್ತು ಗಂಟೆ ನಿದ್ದೆ ಬೇಕು, ನಿಮ್ಮವನಿಗೆ ಐದೂವರೆ ಸಿಗುತ್ತಿದೆ. ಕಲಿತದ್ದು ನೆನಪಿನಲ್ಲಿ ನಿಲ್ಲುವುದು ನಿದ್ದೆಯಲ್ಲಿ, ಅದನ್ನು ಕಡಿದು ಆವೃತ್ತಿ ಹೆಚ್ಚಿಸಿದರೆ ಎರಡೂ ಹೋಗುತ್ತವೆ. ಮಧ್ಯಾಹ್ನದ ಶಿಫ್ಟ್ ನಿಮಗೆ ದೊಡ್ಡ ಅನುಕೂಲ, ಅದನ್ನು ಬಳಸಿಕೊಂಡಿಲ್ಲ. ಶಾಲೆಯ ಹೋಂವರ್ಕನ್ನು ರಾತ್ರಿಯಿಂದ ಕಿತ್ತು ಬೆಳಿಗ್ಗೆ 8:30ರಿಂದ 9:30ಕ್ಕೆ ಹಾಕಿ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ 6ರಿಂದ 8ನೇ ತರಗತಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಂವರ್ಕ್ ಬೇಡ ಎನ್ನುತ್ತದೆ. ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ಕ್ಲಾಸ್ ಟೀಚರ್ ಹತ್ತಿರ ಮಾತಾಡಲು ನಿಮಗೆ ಆಧಾರವಿದೆ. ಪಾಠಶಾಲೆಯಿಂದ ಬಂದ ಕೂಡಲೇ, ಊಟಕ್ಕೆ ಮೊದಲು, ಅಂದಿನ ಸಂಥೆ ಎರಡೇ ಸಲ. ಊಟ, 9:15ಕ್ಕೆ ಹಾಸಿಗೆ. ಬೆಳಿಗ್ಗೆ 6:15ಕ್ಕೆ ಏಳಲಿ. ಸ್ನಾನ ಸಂಧ್ಯಾವಂದನೆ ಮುಗಿಸಿ 6:50ಕ್ಕೆ ಅಪ್ಪನ ಎದುರು ಕೂತರೆ ಇಪ್ಪತ್ತೈದು ನಿಮಿಷ ಸಿಗುತ್ತದೆ: ಹಿಂದಿನ ದಿನದ ಸಂಥೆ ಐದು ಸಲ, ಆಮೇಲೆ ಹಳೆಯ ಅನುವಾಕಗಳಲ್ಲಿ ಒಂದು, ಎರಡು ಸಲ. ಸೋಮವಾರ ಒಂದನೆಯದು, ಮಂಗಳವಾರ ಎರಡನೆಯದು, ಹೀಗೆ ಶುಕ್ರವಾರಕ್ಕೆ ಐದೂ ಸುತ್ತಿ ಬರುತ್ತವೆ. ಉಳಿದ ಮೂರು ಸಲ ಶಾಲೆಗೆ ಹೊರಡುವ ಮುಂಚೆ. ಅಲ್ಲಿಗೆ ಹತ್ತಾಯಿತು. ಒಂದೇ ಕೂತಲ್ಲಿ ಹತ್ತು ಹೇಳುವುದಕ್ಕಿಂತ ಹೀಗೆ ಬಿಡಿಸಿ ಹೇಳಿದ್ದು ಹೆಚ್ಚು ಕಾಲ ನಿಲ್ಲುತ್ತದೆ, ಏಕೆಂದರೆ ಪ್ರತಿ ಸಲವೂ ನೆನಪಿನಿಂದ ಎಳೆದು ತರಬೇಕಾಗುತ್ತದೆ. ಭಾನುವಾರ ಮೊದಲಿನಿಂದ ಒಂದೇ ಒಂದು ಸಲ, ನಿಧಾನವಾಗಿ, ಪೂರ್ತಿ.

ಯಜಮಾನರ ಹೊತ್ತನ್ನು ಪೂರ್ತಿ ತೆಗೆಯಬೇಡಿ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಲೋಕಲ್ ಹಿಡಿದು ಹೋಗಿ ರಾತ್ರಿ ಬರುವ ಅಪ್ಪನಿಗೆ ಮಗ ಸಿಗುವ ಹೊತ್ತು ಅದೊಂದೇ. ಅದು ಉಳಿಯಲಿ, ಅದರಲ್ಲಿ ಲೆಕ್ಕ ಮಾತ್ರ ಕಡಿಮೆಯಾಗಲಿ.

ನಮಕದಲ್ಲಿ ಮಕ್ಕಳು ತಪ್ಪುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಎರಡು, ಮೂರನೇ ಅನುವಾಕದಲ್ಲಿ ಸಾಲು ಸಾಲಿಗೂ ‘ಪತಯೇ ನಮಃ’ ಬರುತ್ತದೆ. ಹಾಗಾಗಿ ‘ವನಾನಾಂ’ ಇಂದ ಹೊರಟವನು ‘ಅರಣ್ಯಾನಾಂ’ಗೆ ಜಿಗಿದು ಒಂದು ಅನುವಾಕವನ್ನೇ ದಾಟಿರುತ್ತಾನೆ. ಐದರಿಂದ ಮುಂದೆ ‘ನಮೋ... ಚ... ಚ’ ಎಂಬ ಜೋಡಿಗಳ ಸಾಲು. ಜೋಡಿಯ ಒಳಗೆ ತಪ್ಪುವುದು ಅಪರೂಪ, ಒಂದು ಜೋಡಿಯಿಂದ ಇನ್ನೊಂದಕ್ಕೆ ದಾಟುವ ಕೀಲಿನಲ್ಲೇ ತಪ್ಪುವುದು. ಆಗ ಮೊದಲಿನಿಂದ ಹೇಳಿಸಿ ಪ್ರಯೋಜನವಿಲ್ಲ, ಸರಿಯಿದ್ದ ಭಾಗವೇ ಮತ್ತೆ ಮತ್ತೆ ಗಟ್ಟಿಯಾಗುತ್ತದೆ. ‘ಶಿತಿಕಂಠಾಯ ಚ ನಮಃ ಕಪರ್ದಿನೇ ಚ’ – ಹೀಗೆ ಕೀಲಿನ ಆಚೀಚೆಯ ಎರಡು ಮೂರು ಪದವನ್ನು ಮಾತ್ರ ಐದಾರು ಸಲ ಹೇಳಿಸಿ, ಆಮೇಲೆ ಎರಡು ಸಾಲು ಹಿಂದಿನಿಂದ ಹಿಡಿಯಲಿ.

ಇದಕ್ಕೆ ನೀವು ವೇದ ಕಲಿತಿರಬೇಕಾಗಿಲ್ಲ. ಎಲ್ಲಿ ನಿಂತ, ಎಲ್ಲಿ ತಡವರಿಸಿದ ಎಂದು ಕೇಳಿದವರಿಗೆಲ್ಲ ಗೊತ್ತಾಗುತ್ತದೆ. ಅಪ್ಪ ಇಲ್ಲದ ದಿನ ಅಡುಗೆಮನೆಯಿಂದಲೇ ಕಿವಿಗೊಟ್ಟು, ತಡವರಿಸಿದ ಪದವನ್ನು ಡೈರಿಯಲ್ಲಿ ಬರೆಯಲು ಮಗನಿಗೇ ಹೇಳಿ. ಡೈರಿಯ ರೋಗಕ್ಕೂ ಮದ್ದು ಇದೇ. 10 ಎಂಬ ಅಂಕಿಯನ್ನು ಯಾರೂ ಬರೆಯಬಹುದು. ತಡವರಿಸಿದ ಪದ ಬರೆಯಬೇಕಾದರೆ ಹೇಳಿಯೇ ಬರೆಯಬೇಕು, ಮತ್ತು ಗುರುಗಳಿಗೂ ಅಂಕಿಗಿಂತ ಆ ಪದ ಉಪಯೋಗಕ್ಕೆ ಬರುತ್ತದೆ.

ಗಂಡನಿಗೆ ಹೇಳಲೇಬೇಕು. ಆದರೆ ಅದಕ್ಕೆ ಮೊದಲು ಮಗನಿಗೆ, ನನಗೆ ಗೊತ್ತಿತ್ತು, ನಾನೂ ಸಹಿ ಹಾಕಿದ್ದು ತಪ್ಪು, ಅಪ್ಪನಿಗೆ ನಾನೇ ಹೇಳುತ್ತೇನೆ ಎಂದು ತಿಳಿಸಿ. ಬೆನ್ನ ಹಿಂದೆ ದೂರು ಹೋಯಿತೆಂದು ಅವನಿಗೆ ಅನಿಸಬಾರದು. ಗಂಡನ ಹತ್ತಿರ ಮಾತಾಡುವುದು ಮಗನೂ ಅತ್ತೆಯವರೂ ಎದುರಿಲ್ಲದ ಹೊತ್ತಿನಲ್ಲಿ. ಮೇಲಿನ ಒಂದೂವರೆ ಗಂಟೆಯ ಲೆಕ್ಕವನ್ನು ಮೊದಲು ಮುಂದಿಡಿ, ಡೈರಿಯನ್ನು ಆಮೇಲೆ. ಲೆಕ್ಕ ಕೇಳಿದ ಮೇಲೆ ಡೈರಿಯ ಸುಳ್ಳು ಕಳ್ಳತನದಂತೆ ಕಾಣದೆ, ಹೊರಲಾಗದ ಹೊರೆ ಇಳಿಸಿದ್ದು ಎಂದು ಅವರಿಗೂ ಕಂಡೀತು. ಅದು ಸುಳ್ಳಲ್ಲ ಎಂದು ಸಮರ್ಥಿಸಲು ಹೋಗಬೇಡಿ. ಸುಳ್ಳೇ.

ಗಂಟಲಿಗೆ: ಎದ್ದ ಕೂಡಲೇ ಗಟ್ಟಿಯಾಗಿ ಹೇಳಿಸಬೇಡಿ, ಬಿಸಿನೀರು ಕುಡಿದು ಮೆಲುದನಿಯಲ್ಲಿ ಶುರುವಾಗಲಿ. ಅಪ್ಪನ ಶ್ರುತಿಗೆ ಮಗ ಹೊಂದುವುದು ಬೇಡ, ಮಗನೇ ಶುರುಮಾಡಲಿ, ಅಪ್ಪ ಹೊಂದಿಕೊಳ್ಳಲಿ. ದನಿ ಒಡೆಯುವ ವಯಸ್ಸು ಹತ್ತಿರ ಬಂದಿದೆ, ಬಲವಂತವಾಗಿ ಏರಿಸಬಾರದು. ಇಷ್ಟಾಗಿಯೂ ಮೂರು ವಾರದಲ್ಲಿ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಪಾಠ ನಿಲ್ಲಿಸುವುದು ಬೇಡ. ಬಾಯಿಗೆ ಬಂದ ಐದು ಅನುವಾಕ ಆವೃತ್ತಿ ಇಲ್ಲದೆ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ, ಸೋತು ಬಿಟ್ಟೆ ಎಂಬುದಷ್ಟೇ ಹುಡುಗನಲ್ಲಿ ಉಳಿಯುತ್ತದೆ. ಶಾಲೆ ಬಿಡಿಸುವುದಂತೂ ಈಗ ಖಂಡಿತ ಬೇಡ. ಪೂರ್ಣಾವಧಿ ಪಾಠಶಾಲೆ ಒಳ್ಳೆಯ ದಾರಿಯೇ, ಅದರಿಂದ ಓದು ಮುಚ್ಚಿಹೋಗುವುದಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ 14 ವರ್ಷ ತುಂಬಿದ ಮೇಲೆ 10ನೇ ತರಗತಿ ಪರೀಕ್ಷೆ ಬರೆಯಬಹುದು, ನೋಂದಣಿ ಐದು ವರ್ಷ ಊರ್ಜಿತವಿರುತ್ತದೆ, ವಿಷಯಗಳಲ್ಲಿ ವೇದಾಧ್ಯಯನವೂ ಇದೆ. ಉಜ್ಜಯಿನಿಯ ಮಹರ್ಷಿ ಸಾಂದೀಪನಿ ರಾಷ್ಟ್ರೀಯ ವೇದವಿದ್ಯಾ ಪ್ರತಿಷ್ಠಾನಕ್ಕೆ ಸೇರಿದ ಪಾಠಶಾಲೆಗಳಲ್ಲಿ 10ನೇ ತರಗತಿಗೆ ಸಮನಾದ ವೇದಭೂಷಣ ಪರೀಕ್ಷೆ ಇದೆ. ನೋಡಿಟ್ಟಿರುವ ಪಾಠಶಾಲೆ ಯಾವುದಕ್ಕೆ ಸೇರಿದ್ದು, ಗಣಿತ ಮತ್ತು ಇಂಗ್ಲಿಷ್ ಯಾರು ಕಲಿಸುತ್ತಾರೆ ಎಂದು ವಿಚಾರಿಸಿ. ಆದರೆ ದಿನಕ್ಕೆ ಒಂದು ಗಂಟೆಯಲ್ಲಿ ಬಳಲಿದ ಹುಡುಗನನ್ನು ಅದೇ ಕಾರಣಕ್ಕೆ ಎಂಟು ಗಂಟೆಗೆ ಕಳಿಸುವುದು ತರವಲ್ಲ. ಹೊಸ ಹೊಂದಿಕೆಯಲ್ಲಿ ಒಂದು ಟರ್ಮ್ ಕಳೆಯಲಿ. ಯಾರೂ ಹೇಳದೆ ಅವನೇ ಗುನುಗಿಕೊಳ್ಳುತ್ತಿದ್ದರೆ, ಮೇ ರಜೆಯಲ್ಲಿ ಪಾಠಶಾಲೆಯವರನ್ನು ಕೇಳಿ ಒಂದು ವಾರ ಅಲ್ಲಿರಲು ಬಿಟ್ಟು ನೋಡಿ. ಬಂದ ಮೇಲೆ ಅವನ ಮಾತು ಕೇಳಿ ತೀರ್ಮಾನಿಸಿ.

ಕಡೆಯದಾಗಿ, ಬಿಡುವಿನ ದಿನಗಳು. ಎರಡೂ ಪಕ್ಷಗಳ ಪಾಡ್ಯ, ಅಷ್ಟಮಿ, ಚತುರ್ದಶಿ, ಜೊತೆಗೆ ಹುಣ್ಣಿಮೆ ಮತ್ತು ಅಮಾವಾಸ್ಯೆ – ತಿಂಗಳಿಗೆ ಎಂಟು ದಿನ ಅನಧ್ಯಾಯ. ನಿಮ್ಮ ಪಾಠಶಾಲೆ ಇದನ್ನು ಪಾಲಿಸುತ್ತಿದ್ದರೆ ಮನೆಯಲ್ಲೂ ಆ ದಿನ ವೇದ ಹೇಳಿಸುವಂತಿಲ್ಲ, ಶಾಲೆಯ ಬಾಕಿ ತೀರಿಸಿಕೊಳ್ಳಲು ಅದೇ ಸಮಯ. ಶಾಲೆಯ ಪರೀಕ್ಷೆಯ ವಾರದಲ್ಲಿ ಹೊಸ ಸಂಥೆ ಬೇಡವೆಂದು ಗುರುಗಳಲ್ಲಿ ಮೊದಲೇ ಕೇಳಿಕೊಳ್ಳಿ. ಆ ವಾರ ಹಳೆಯದರಲ್ಲಿ ಒಂದು ಅನುವಾಕ, ದಿನಕ್ಕೊಂದೇ ಸಲ.