ತೂಕದ ಪುಸ್ತಕದಲ್ಲಿ ಇಲ್ಲದ ತಾರೀಖು

(ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.)

ಅವಳನ್ನು ರೇಖಾ ಅಂತಿಟ್ಟುಕೊಳ್ಳೋಣ. ವಯಸ್ಸು 24. ದಾವಣಗೆರೆ ಕಡೆಯವಳು, ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ. ಜೊತೆಗೆ ಬಂದಿದ್ದ ತಾಯಿ ಕುರ್ಚಿಯಲ್ಲಿ ಕೂರುವ ಮೊದಲೇ ಮಾತು ಶುರು ಮಾಡಿದರು. "ಡಾಕ್ಟ್ರು ಪಿಸಿಓಡಿ ಅಂದಾರೆ ಮೇಡಂ. ನೀರುಗುಳ್ಳೆ ಆಗ್ಯಾವಂತೆ. ಬಾಯಿ ಕಟ್ಟು ಅಂದ್ರೆ ಕೇಳಂಗಿಲ್ಲ. ನೀವಾದ್ರೂ ಬುದ್ಧಿ ಹೇಳ್ರಿ." ಪಿಸಿಓಡಿ ಅಂದರೆ ಹಾರ್ಮೋನಿನ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ತಪ್ಪುವ ತೊಂದರೆ.

ಏಪ್ರಿಲ್ ಬಿಸಿಲಿನಲ್ಲೂ ರೇಖಾ ದುಪಟ್ಟಾವನ್ನು ಗದ್ದದವರೆಗೆ ಸುತ್ತಿಕೊಂಡಿದ್ದಳು. ಎತ್ತರ 156 ಸೆಂ.ಮೀ., ತೂಕ 78 ಕೆಜಿ. ಹಿಂದಿನ ಒಂದು ವರ್ಷದಲ್ಲಿ ಮುಟ್ಟಾಗಿದ್ದು ಮೂರೇ ಸಲ. ಆದರೆ ಸ್ತ್ರೀರೋಗ ತಜ್ಞೆ ಅವಳನ್ನು ನನ್ನ ಹತ್ತಿರ ಕಳಿಸಿದ್ದು ತೂಕಕ್ಕಲ್ಲ. ರಾತ್ರಿ ನಿದ್ದೆ ಇಲ್ಲ, ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ, ಕಾರಣವಿಲ್ಲದೆ ಅಳುತ್ತಾಳೆ ಎಂದು.

ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ಅವಳು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಳು. ದಿನಕ್ಕೊಂದು ಸಾಲು. 78.4, 78.1, 78.9. ಪಕ್ಕದಲ್ಲಿ ಅವತ್ತು ತಿಂದದ್ದು: ಟೀ ಎರಡು, ಬಿಸ್ಕತ್ತು ಎರಡು, ಊಟ ಇಲ್ಲ. ಕೆಲವು ದಿನಗಳ ಕೊನೆಗೆ ಕೆಂಪು ಇಂಕಿನಲ್ಲಿ "ರಾತ್ರಿ 11, ಮಂಡಕ್ಕಿ, ಮಿರ್ಚಿ 4, ಉಳಿದ ಅನ್ನ ಎಲ್ಲಾ" ಎಂದಿತ್ತು. ಎಂಟು ತಿಂಗಳ ತೂಕ ಅದರಲ್ಲಿತ್ತು. ಕೊನೆಯ ಸಲ ಮುಟ್ಟಾದದ್ದು ಯಾವಾಗ ಎಂದು ಕೇಳಿದರೆ ಮಾತ್ರ, ಅಕ್ಕನ ಮಗುವಿನ ನಾಮಕರಣದ ಲೆಕ್ಕ ಹಿಡಿದು ಹೇಳಬೇಕಾಯಿತು.

ನಾನು ತಪ್ಪು ಮಾಡಿದ್ದು ಇಲ್ಲೇ. ಸಮಾಧಾನ ಆಗಲಿ ಎಂದು, "ನಾಲ್ಕು ಕೆಜಿ ಇಳಿದರೂ ಸಾಕು, ವ್ಯತ್ಯಾಸ ಗೊತ್ತಾಗುತ್ತೆ" ಎಂದುಬಿಟ್ಟೆ. ಮಾತು ಸುಳ್ಳಲ್ಲ. ಹೆಚ್ಚು ತೂಕ ಇರುವವರಲ್ಲಿ ಶೇಕಡಾ 5ರಿಂದ 10ರಷ್ಟು ಇಳಿದರೂ ಎಷ್ಟೋ ಜನರಿಗೆ ಅಂಡಾಣು ಬಿಡುಗಡೆ ಮತ್ತೆ ಶುರುವಾಗಿ ಮುಟ್ಟು ಹಳಿಗೆ ಬರುತ್ತದೆ. ಆದರೆ ಮೊದಲೇ ಲೆಕ್ಕದಲ್ಲಿ ಮುಳುಗಿದ್ದವಳ ಕೈಗೆ ನಾನು ಇನ್ನೊಂದು ಅಂಕಿ ಕೊಟ್ಟಿದ್ದೆ. ಹದಿನೆಂಟು ದಿನ ಬಿಟ್ಟು ಬಂದಾಗ ಮೂರು ಕೆಜಿ ಇಳಿದಿದ್ದಳು. ದಿನಕ್ಕೆ ಒಂದೇ ಊಟ. ಬಿಲ್ಲಿಂಗ್ ಕೌಂಟರ್‌ನಲ್ಲಿ ತಲೆ ಸುತ್ತಿ ಬಿದ್ದಿದ್ದಳಂತೆ. ಈ ತೊಂದರೆ ಇರುವ ಹೆಣ್ಣುಮಕ್ಕಳಲ್ಲಿ ಖಿನ್ನತೆ, ಆತಂಕ, ಉಪವಾಸ ಬಿದ್ದು ಆಮೇಲೆ ಒಮ್ಮೆಲೇ ತಿನ್ನುವುದು ಎಲ್ಲ ಹೆಚ್ಚು. ಅದನ್ನು ಮೊದಲು ಕೇಳಬೇಕಿತ್ತು, ತೂಕದ ಮಾತು ಆಮೇಲೆ.

ಅವತ್ತು ಅವಳೇ ಒಂದು ಪ್ರಶ್ನೆ ಹಾಕಿದಳು. "ದಪ್ಪ ಆಗಿದ್ದಕ್ಕೆ ಇದು ಬಂತಾ ಮೇಡಂ, ಇಲ್ಲಾ ಇದು ಬಂದಿದ್ದಕ್ಕೆ ದಪ್ಪ ಆದ್ನಾ?"

ಎರಡೂ ಹೌದು ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನು ಇನ್ಸುಲಿನ್. ಅದು ಹೇಳಿದ ಮಾತು ಮೈಗೆ ಸರಿಯಾಗಿ ಕೇಳಿಸುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ ಗಂಡು ಹಾರ್ಮೋನನ್ನು ಜಾಸ್ತಿ ಮಾಡಿಸುತ್ತದೆ. ರಕ್ತದಲ್ಲಿ ಆ ಹಾರ್ಮೋನನ್ನು ಕಟ್ಟಿಹಾಕುವ ಒಂದು ಪ್ರೋಟೀನ್ ಯಕೃತ್ತಿನಲ್ಲಿ ತಯಾರಾಗುತ್ತದಲ್ಲ, ಅದನ್ನೂ ಕಡಿಮೆ ಮಾಡಿಸುತ್ತದೆ. ಗದ್ದದ ಕೂದಲು, ಮೊಡವೆ ಎಲ್ಲ ಅದರ ಫಲ. ಅಂಡಾಣುವಿನ ಚೀಲಗಳು ಪೂರ್ತಿ ಬೆಳೆಯದೆ ಕೆಲವು ಮಿಲಿಮೀಟರಿನಲ್ಲೇ ನಿಂತುಬಿಡುತ್ತವೆ. ಸ್ಕ್ಯಾನಿಂಗ್‌ನಲ್ಲಿ ಕಾಣುವ ನೀರುಗುಳ್ಳೆ ಇವೇ. ಗಡ್ಡೆಯಲ್ಲ, ಒಡೆಸಬೇಕಾದ್ದೂ ಇಲ್ಲ. ಇನ್ನು ಹೊಟ್ಟೆಯ ಸುತ್ತಲಿನ ಕೊಬ್ಬು ಇನ್ಸುಲಿನ್ನಿನ ಕಿವುಡನ್ನು ಹೆಚ್ಚಿಸುತ್ತದೆ, ಹೆಚ್ಚಿದ ಇನ್ಸುಲಿನ್ ಕೊಬ್ಬು ಕರಗಲು ಬಿಡುವುದಿಲ್ಲ. ಗಾಣದೆತ್ತಿನ ಸುತ್ತು. ಹಾಗಂತ ಎಲ್ಲ ತೂಕದಿಂದಲೇ ಅಲ್ಲ. ಕಡ್ಡಿಯಂತಿರುವವರಿಗೂ ಪಿಸಿಓಡಿ ಬರುತ್ತದೆ, ಮನೆತನದಲ್ಲೂ ಹರಿದು ಬರುತ್ತದೆ.

"ಹಂಗಾದ್ರೆ ನಂದೇ ತಪ್ಪಲ್ಲ" ಎಂದಳು. ದುಪಟ್ಟಾ ಸ್ವಲ್ಪ ಸಡಿಲಾಯಿತು. ಕತ್ತಿನ ಹಿಂಭಾಗ ಕಪ್ಪಗೆ ದಪ್ಪವಾಗಿತ್ತು, ಅಂಚಿನಲ್ಲಿ ಚರ್ಮ ಕೆಂಪಗೆ ಕಿತ್ತಿತ್ತು. ತಾಯಿಯನ್ನು ಒಳಗೆ ಕರೆದಾಗ ಗೊತ್ತಾಯಿತು: ವಾರಕ್ಕೆರಡು ಸಲ ಕಡ್ಲೆಹಿಟ್ಟು, ನಿಂಬೆಹುಳಿ ಹಚ್ಚಿ ಅವರೇ ತಿಕ್ಕುತ್ತಿದ್ದರು. "ಇಷ್ಟು ತಿಕ್ಕಿದ್ರೂ ಕೊಳೆ ಹೋಗಂಗಿಲ್ಲ ನೋಡ್ರಿ."

"ಅದು ಕೊಳೆ ಅಲ್ಲಮ್ಮ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಆದರೆ ಚರ್ಮ ಹಾಗಾಗುತ್ತೆ. ತಿಕ್ಕಿದರೆ ಹೋಗಲ್ಲ" ಎಂದೆ. ಅವರು ತುಂಬ ಹೊತ್ತು ಮಗಳ ಕತ್ತನ್ನೇ ನೋಡುತ್ತಿದ್ದರು. ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ಆಗ ಹೇಳಿದರು.

ಡಾಕ್ಟರ ಹತ್ತಿರ ಮಾತಾಡಿದೆ. ಖಾಲಿ ಹೊಟ್ಟೆಯ ಸಕ್ಕರೆ 94 ಬಂದಿತ್ತು, ಎಲ್ಲರೂ ನಿಶ್ಚಿಂತೆಯಿಂದಿದ್ದರು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರೆ 156. ಅದು 140ರ ಒಳಗಿರಬೇಕು. ಬರೀ ಖಾಲಿ ಹೊಟ್ಟೆಯದನ್ನು ನಂಬಿದ್ದರೆ ತಪ್ಪಿಹೋಗುತ್ತಿತ್ತು. ಅವರು ಇನ್ಸುಲಿನ್ ಮಾತು ಮೈಗೆ ಕೇಳಿಸುವಂತೆ ಮಾಡುವ ಮೆಟ್‌ಫಾರ್ಮಿನ್ ಮಾತ್ರೆ ಶುರು ಮಾಡಿದರು, ಮುಟ್ಟು ಬರಿಸಲು ಹತ್ತು ದಿನದ ಮಾತ್ರೆಯನ್ನೂ ಕೊಟ್ಟರು. ಮುಟ್ಟಿನ ಈ ಮಾತ್ರೆ ಸುಮ್ಮನೆ ಅಲ್ಲ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ವರ್ಷಗಳಾಚೆ ಅದು ಕ್ಯಾನ್ಸರಿಗೂ ದಾರಿಯಾಗಬಹುದು. ಹಾಗಾಗಿ 90 ದಿನ ದಾಟಿದರೆ ಡಾಕ್ಟರಿಗೆ ಹೇಳಲೇಬೇಕು. ಅವಳ ಪುಸ್ತಕದಲ್ಲಿ ಇರಬೇಕಾಗಿದ್ದ ಲೆಕ್ಕ ಅದು.

ಆಮೇಲೆ ನಾವು ಮೂವರೂ ಕೂತು ಒಪ್ಪಿದ್ದು ಇಷ್ಟು. ಮಂಚದ ಕೆಳಗಿನ ತೂಕದ ಯಂತ್ರ ಅಟ್ಟಕ್ಕೆ. ತಿಂಗಳಿಗೊಮ್ಮೆ ಕ್ಲಿನಿಕ್ಕಿನಲ್ಲೇ ತೂಗುವುದು, ಜೊತೆಗೆ ಟೇಪು ಹಿಡಿದು ಸೊಂಟ ನೋಡುವುದು. ನಮ್ಮ ಹೆಂಗಸರಿಗೆ 80 ಸೆಂ.ಮೀ. ಮೇಲಿದ್ದರೆ ಎಚ್ಚರ ಬೇಕು. ಅವಳದು 97 ಇತ್ತು. ಬೆಳಗಿನ ತಿಂಡಿ ಬಿಡುವಂತಿಲ್ಲ. ಮಧ್ಯಾಹ್ನದ ಡಬ್ಬಿಗೆ ಎರಡು ರೊಟ್ಟಿ, ಕಾಳುಪಲ್ಯ, ಮಜ್ಜಿಗೆ, ಬೇಕೆನಿಸಿದರೆ ಸ್ವಲ್ಪ ಅನ್ನ. ಅಂಗಡಿ ಮುಚ್ಚುವುದು ರಾತ್ರಿ ಒಂಬತ್ತೂವರೆಗೆ, ಆದ್ದರಿಂದ ಸಂಜೆ ಐದಕ್ಕೆ ಒಂದು ಹಿಡಿ ಹುರಿಗಡಲೆ ಅಥವಾ ಶೇಂಗಾ. ಈ ಒಂದು ಹಿಡಿಯೇ ರಾತ್ರಿ ಹನ್ನೊಂದರ ಮಂಡಕ್ಕಿಯನ್ನು ಬಹುಮಟ್ಟಿಗೆ ನಿಲ್ಲಿಸಿತು ಅಂದರೆ ನಂಬಬೇಕು. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ, ಎರಡು ದಿನ ಬೈಠಕ್. ಕೀಟೋ (ಅನ್ನ-ರೊಟ್ಟಿ ಬಿಟ್ಟು ಹೆಚ್ಚಾಗಿ ಕೊಬ್ಬನ್ನೇ ತಿನ್ನುವ ಪಥ್ಯ), ಪುಡಿ, ಕಷಾಯ ಅಂತ ಮೊಬೈಲಿನಲ್ಲಿ ಬರುವ ಯಾವುದೂ ಬೇಡ ಎಂದೆ. ಇಂಥದ್ದೇ ಆಹಾರ ಪಿಸಿಓಡಿಗೆ ಮಿಕ್ಕವಕ್ಕಿಂತ ಮೇಲು ಎಂದು ಯಾರೂ ತೋರಿಸಿಲ್ಲ.

ತಾಯಿಗೆ ಹೇಳಿದ್ದು ಒಂದೇ: ಮಗಳ ತಟ್ಟೆ ನೋಡಿ ಮಾತಾಡಬೇಡಿ. ಎಲ್ಲಕ್ಕಿಂತ ಕಷ್ಟ ಆಗಿದ್ದು ಅದೇ. "ಮತ್ತೆ ಮದುವಿ? ಮಕ್ಕಳಾಗ್ತಾವಾ?" ಎಂದು ಕೇಳಿದರು. ಹೆಚ್ಚಿನವರಿಗೆ ಆಗುತ್ತವೆ, ತಡವಾದರೆ ಅಂಡಾಣು ಬಿಡಿಸುವ ಮಾತ್ರೆ ಇದೆ, ಅದಕ್ಕಾಗಿ 55 ಕೆಜಿ ಆಗಬೇಕಿಲ್ಲ ಎಂದೆ.

ಏಳು ತಿಂಗಳಿಗೆ 73.6 ಕೆಜಿ, ಸೊಂಟ 92. ಮುಟ್ಟಿನ ಅಂತರ 40 ದಿನದ ಆಸುಪಾಸಿಗೆ ಬಂತು. ಗದ್ದದ ಕೂದಲು ಮಾತ್ರ ಹಾಗೇ ಇದೆ. ಅದು ನಿಧಾನ ಎಂದು ಮೊದಲೇ ಹೇಳಿದ್ದೆ, ಥ್ರೆಡ್ಡಿಂಗ್ ನಡೆದಿದೆ.

ದೀಪಾವಳಿಯ ನಂತರ ಎರಡು ಸಲ ಭೇಟಿ ತಪ್ಪಿಸಿದಳು. ಅಂಗಡಿಯಲ್ಲಿ ಸೀಸನ್ನು, ನಡಿಗೆ ನಿಂತಿತ್ತು. ಕೊನೆಗೆ ಬಂದವಳು ಕೂರುತ್ತಲೇ, "ತೂಕ ಎಷ್ಟಾಗೇತಿ ಹೇಳ್ಲಾ ಮೇಡಂ?" ಎಂದಳು.

"ಮೊದಲು ಮುಟ್ಟಿನ ತಾರೀಖು ಹೇಳು."

ಪುಸ್ತಕ ತೆಗೆದು ಬೆರಳಲ್ಲಿ ಎಣಿಸಿದಳು. ಐವತ್ತೆರಡು ದಿನ. ನಾಳೆಯಿಂದ ನಡಿಗೆ, 90 ದಿನ ಆಗುವ ಹೊತ್ತಿಗೂ ಬಾರದಿದ್ದರೆ ಡಾಕ್ಟರ ಹತ್ತಿರ ಎಂದು ಅದೇ ಪುಟದ ಕೆಳಗೆ ಬರೆದುಕೊಂಡಳು.