ಒಂದೇ ಜೊತೆ ಸ್ಕೀ, ಎಂಥ ಹಿಮಕ್ಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ಕೆಲಸದ ಮೇಲೆ ಎಂಟು ವರ್ಷ ಇನ್ಸ್‌ಬ್ರುಕ್‌ನಲ್ಲಿದ್ದು ಈಗ ಊರಿಗೆ ವಾಪಸ್ ಬಂದಿದ್ದೇನೆ. ಬಾಡಿಗೆ ಸ್ಕೀಗಳಲ್ಲೇ ಆಫ್-ಪಿಸ್ಟ್ (ಹದ ಮಾಡಿದ ದಾರಿಯ ಹೊರಗೆ ಜಾರುವುದು) ಕಲಿತವನು, ಕಡಿದಾದ ಇಳಿಜಾರಿನ ಭಯ ಈಗಿಲ್ಲ. ಇನ್ನು ಪ್ರತಿ ಜನವರಿ ಗುಲ್ಮಾರ್ಗ್, ಆದರೆ ಮಾರ್ಚ್‌ನಲ್ಲಿ ಒಂದು ವಾರ ಆಲ್ಪ್ಸ್. ಒಂದೇ ಜೊತೆ ಕೊಳ್ಳುವಷ್ಟು ದುಡ್ಡಿದೆ. ಗೆಳೆಯರು 118 ಮಿ.ಮೀ. ಅಗಲದ್ದೇ ತಗೋ ಅನ್ನುತ್ತಾರೆ. ಎತ್ತರ 176 ಸೆಂ.ಮೀ., ತೂಕ 78 ಕಿಲೋ. ಬೂಟು ಗ್ರಿಪ್‌ವಾಕ್ (ನಡೆಯಲು ಅನುಕೂಲವಾದ, ಬಾಗಿದ ರಬ್ಬರ್ ಅಡಿಯ) ಸೋಲ್‌ನದು.
— ಹೆಸರು ಬೇಡ, ಮಂಡ್ಯ

ಉತ್ತರ: 118 ಬೇಡ. ಸ್ಕೀಯ ನಡುವಿನ, ಅಂದರೆ ಪಾದದ ಕೆಳಗಿನ, ಅಗಲ 100ರಿಂದ 108 ಮಿ.ಮೀ. ಒಳಗಿರಲಿ.

ನೀವು ಮಂಡ್ಯದವರು, ನಾಟಿಗೆ ಮುಂಚೆ ಕೆಸರುಗದ್ದೆಯಲ್ಲಿ ಮಟ್ಟ ಹೊಡೆಯುವ ಹಲಗೆ ನೋಡಿರುತ್ತೀರಿ. ಅಗಲ ಇರುವುದರಿಂದ ಅದು ಹೂತುಕೊಳ್ಳುವುದಿಲ್ಲ. ಮುಂದಿನ ಅಂಚು ಚೂರು ಮೇಲೆದ್ದಿದ್ದರೆ ಮಣ್ಣನ್ನು ಅಗೆಯದೆ ಮೇಲೆ ತೇಲಿಕೊಂಡು ಹೋಗುತ್ತದೆ. ಸ್ಕೀಯ ಮೂತಿಯನ್ನು ಉದ್ದಕ್ಕೆ ಮೇಲೆತ್ತುವ ರಾಕರ್ ಮಾಡುವುದೂ ಇದೇ ಕೆಲಸ. ಸ್ಕೀ ಪಟು ಶೇನ್ ಮೆಕಾಂಕಿ ನೀರಿನ ಸ್ಕೀ ಹಲಗೆಯ ಆಕಾರವನ್ನು ಹಿಮಕ್ಕೆ ತಂದು, 2002ರಲ್ಲಿ ವೊಲಾಂಟ್ ಕಂಪನಿಯಿಂದ ಸ್ಪ್ಯಾಟುಲಾ ಎಂಬ ಸ್ಕೀ ಹೊರಬಂದ ಮೇಲೆ ಹೊಸ ಹಿಮದಲ್ಲಿ ಜಾರುವ ರೀತಿಯೇ ಬದಲಾಯಿತು. ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ಅದೇ ಹಲಗೆಯನ್ನು ಒಣಗಿ ಬಿರುಕು ಬಿಟ್ಟ ಗದ್ದೆಯ ಮೇಲೆ ಎಳೆದು ನೋಡಿ, ಕಟಕಟ ಕುಣಿಯುತ್ತದೆ.

ನನಗೆ ಇದು ಗೊತ್ತಾದದ್ದು ಮೊಣಕಾಲಿನಿಂದ. ಐದು ವರ್ಷದ ಹಿಂದೆ ನಾನೂ 118ರ ಜೊತೆ ಹೊತ್ತು ಗುಲ್ಮಾರ್ಗ್‌ಗೆ ಹೋಗಿದ್ದೆ. ಕಾಶ್ಮೀರದ ಕಡು ಚಳಿಯ ನಲವತ್ತು ದಿನ, ಚಿಲ್ಲೈ ಕಲಾನ್, ಅದರ ನಡುವಿನ ದಿನಗಳು. ಮೊದಲ ಎರಡು ದಿನ ಮೊಣಕಾಲುದ್ದ ಹೊಸ ಹಿಮ, ಸ್ವರ್ಗ. ಮೂರನೇ ದಿನದಿಂದ ಅಫರ್ವಟ್ ಬೆಟ್ಟದ ಏಣಿನ ಮೇಲೆ ಗಾಳಿ ಬೀಸಿ ಹಿಮ ಹಪ್ಪಳದಂತೆ ಗಟ್ಟಿಯಾಯಿತು. ಪಶ್ಚಿಮದ ಮಾರುತ ಬಂದಾಗ ಹಿಮ ಸುರಿಯುತ್ತದೆ, ಹೋದ ಮೇಲೆ ಮುಂದಿನದಕ್ಕೆ ಕಾಯಬೇಕು. ಆ ಸಲ ಡೈರಿಯಲ್ಲಿ ಬರೆದಿಟ್ಟ 12 ದಿನಗಳಲ್ಲಿ ಆಳ ಹಿಮ ಸಿಕ್ಕಿದ್ದು ಮೂರೇ ದಿನ. ಉಳಿದ ದಿನ ಗಟ್ಟಿ ಹಿಮ, ಬೇರೆಯವರು ಉತ್ತು ಹಾಕಿದ ಹಿಮ, ಕೆಳಗೆ ಟಂಗ್‌ಮಾರ್ಗ್ ಕಡೆಯ ಕಾಡಿನಲ್ಲಿ ಮಧ್ಯಾಹ್ನದ ಒದ್ದೆ ಹಿಮ. ಅಗಲದ ಸ್ಕೀಯಲ್ಲಿ ಅಂಚು ಪಾದದ ನಡುವಿನಿಂದ ದೂರ ಹೋಗುತ್ತದೆ. ಗಟ್ಟಿ ಹಿಮದಲ್ಲಿ ಅಂಚು ಕಚ್ಚಿಸಲು ಹೋದಾಗಲೆಲ್ಲ ಆ ದೂರ ಕಣಕಾಲು, ಮೊಣಕಾಲುಗಳನ್ನು ತಿರುಚುತ್ತದೆ. ಮೈಸೂರಿಗೆ ಬಂದು ಆರು ವಾರ ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲಿಲ್ಲ.

ಹಾಗಾಗಿ ಒಂದೇ ಜೊತೆ ಇಟ್ಟುಕೊಳ್ಳುವವರು ಅತಿ ಒಳ್ಳೆಯ ದಿನದ ಹಿಮ ನೆನೆಸಿಕೊಂಡು ಸ್ಕೀ ಕೊಳ್ಳಬಾರದು ಅನ್ನುತ್ತೇನೆ. ನಿಮ್ಮ ಮಾರ್ಚ್ ತಿಂಗಳ ಆಲ್ಪ್ಸ್ ನೆನೆಸಿಕೊಳ್ಳಿ: ಬೆಳಿಗ್ಗೆ ಮಂಜುಗಡ್ಡೆ, ಮಧ್ಯಾಹ್ನ ಗಂಜಿ. ಮೂತಿಯಲ್ಲಿ ಧಾರಾಳ ರಾಕರ್, ಬಾಲದಲ್ಲಿ ಸ್ವಲ್ಪ, ಪಾದದ ಕೆಳಗೆ ಮಾತ್ರ ಕ್ಯಾಂಬರ್ (ಸ್ಕೀಯ ನಡುಭಾಗ ಮೇಲಕ್ಕೆ ಬಾಗಿರುವ) ಕಮಾನು ಇರಲೇಬೇಕು. ಗಟ್ಟಿ ಹಿಮದಲ್ಲಿ ಹಿಡಿತ ಕೊಡುವುದು ಆ ಕಮಾನು.

ಎರಡು ಸ್ಕೀ ತೂಗಿ ನೋಡಿ. ನಾರ್ಡಿಕಾ ಎನ್‌ಫೋರ್ಸರ್ 104ರಲ್ಲಿ ಟೈಟನಾಲ್ ಪದರ ಇದೆ (ಹೆಸರು ಕೇಳಿ ಟೈಟೇನಿಯಂ ಅಂದುಕೊಳ್ಳುತ್ತಾರೆ, ಅದು ಅಲ್ಯೂಮಿನಿಯಂ ಮಿಶ್ರಲೋಹ). ವೇಗದಲ್ಲಿ ಉಬ್ಬುತಗ್ಗು ಬಂದರೂ ಅದುರುವುದಿಲ್ಲ, ಆದರೆ ಕಾಲು ದಣಿದ ಮೇಲೆ ಕ್ಷಮಿಸುವುದೂ ಕಡಿಮೆ. ಸಾಲೊಮನ್ ಕ್ಯೂಎಸ್‌ಟಿ 106ರಲ್ಲಿ ಉದ್ದಕ್ಕೂ ಲೋಹದ ಹಾಳೆ ಇಲ್ಲ. ಮರಗಳ ನಡುವೆ ಸಲೀಸಾಗಿ ತಿರುಗುತ್ತದೆ. ಬಾಬಾ ರೇಷಿ ಕಾಡಿನ ಇಳಿತ ನಿಮಗೆ ಇಷ್ಟವಾಗುವುದಾದರೆ ನಾನು ಎರಡನೆಯದರ ಪರ. ನಿಮ್ಮ ತೂಕಕ್ಕೆ, ಅನುಭವಕ್ಕೆ 180ರ ಆಸುಪಾಸಿನ ಉದ್ದ ಸಾಕು; ರಾಕರ್ ಇರುವ ಸ್ಕೀ ಹಿಮ ಮುಟ್ಟುವುದು ಅದರ ಪೂರ್ತಿ ಉದ್ದದಲ್ಲಲ್ಲ, ಆದ್ದರಿಂದ 170ಕ್ಕೆ ಇಳಿಯಬೇಡಿ.

ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗ್ ಬಗ್ಗೆ ನೀವು ಕೇಳಲಿಲ್ಲ, ಆದರೆ ಹೇಳದೆ ಬಿಡಲಾರೆ. ಗೊಂಡೊಲಾ (ಕೇಬಲ್ ಕಾರ್) ಹತ್ತಿ ಇಳಿಯುವುದಷ್ಟೇ ಆದರೆ ಮಾಮೂಲಿ ಆಲ್ಪೈನ್ ಬೈಂಡಿಂಗ್. ಸ್ಕಿನ್ (ಹಿಂದಕ್ಕೆ ಜಾರದಂತೆ ತಳಕ್ಕೆ ಅಂಟಿಸುವ ಪಟ್ಟಿ) ಹಚ್ಚಿ ನಡೆದು ಹತ್ತುವ ಆಸೆಯಿದ್ದರೆ ಹತ್ತಲೂ ಇಳಿಯಲೂ ಆಗುವ ಶಿಫ್ಟ್ ತರಹದ್ದು, ಆಗ ಬೂಟಿನ ಮೂತಿಯಲ್ಲಿ ಪಿನ್ ಕೂರುವ ಗುಳಿ ಇರಬೇಕು. ಬೈಂಡಿಂಗ್ ನಿಮ್ಮ ಗ್ರಿಪ್‌ವಾಕ್ ಸೋಲ್‌ಗೆ ಹೊಂದುತ್ತದೆಂದು ಅದರ ಮೇಲೆ ಬರೆದಿದೆಯೇ ನೋಡಿ. ಬಿದ್ದಾಗ ಬೂಟು ಎಷ್ಟು ಬಲಕ್ಕೆ ಬಿಡಿಸಿಕೊಳ್ಳಬೇಕೆಂದು ಹೇಳುವ ರಿಲೀಸ್ ಅಂಕಿಯನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಸೋಲ್ ಉದ್ದ ತಿಳಿಸಿ ತಂತ್ರಜ್ಞರಿಂದಲೇ ಹಾಕಿಸಿ. ಸ್ನೇಹಿತನ ಅಂಕಿ ನಿಮ್ಮದಲ್ಲ.

ಇನ್ನು ದುಡ್ಡಿನ ವಿಷಯ. ಗೊಂಡೊಲಾದ ಎರಡನೇ ಹಂತದ ತುದಿಯಲ್ಲಿ, ಸುಮಾರು 3,950 ಮೀಟರ್ ಎತ್ತರದಲ್ಲಿ, ಗಸ್ತು ಕಾವಲಿರುವ ಬೋಗುಣಿಯಾಕಾರದ ಇಳಿಜಾರು ದಾಟಿದರೆ ಹಿಮಕುಸಿತದ ಹೊಣೆ ನಿಮ್ಮದೇ. 457 ಕಿಲೋಹರ್ಟ್ಸ್‌ನ ಬೀಕನ್ (ಹಿಮದಡಿ ಹೂತವರನ್ನು ಹುಡುಕುವ ರೇಡಿಯೊ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ನಿಮ್ಮ ಬಳಿ ಇಲ್ಲದಿದ್ದರೆ ಈ ವರ್ಷ ಸ್ಕೀ ಮತ್ತೆ ಬಾಡಿಗೆಗೇ ತೆಗೆದುಕೊಳ್ಳಿ, ಮೊದಲು ಇವನ್ನು ಕೊಳ್ಳಿ. ಜೊತೆಗೆ ಬರುವವರ ಬಳಿಯೂ ಇರಲಿ. ನಿಮ್ಮನ್ನು ಅಗೆದು ತೆಗೆಯಬೇಕಾದವರು ಅವರು.

ಪ್ರಶ್ನೆ: ನಮ್ಮ ಮಳೆಗಾಲದಲ್ಲಿ ಸ್ಕೀ ಅಂಚು ತುಕ್ಕು ಹಿಡಿಯುತ್ತದೆ, ಏನು ಮಾಡಲಿ?
— ಕುವೆಂಪುನಗರ, ಮೈಸೂರು

ಉತ್ತರ: ಊರಿಗೆ ಬಂದ ದಿನವೇ ಚೀಲದಿಂದ ತೆಗೆದು ಒರೆಸಿ, ಫ್ಯಾನಿನ ಕೆಳಗೆ ಒಂದು ದಿನ ಒಣಗಲಿ. ತುಕ್ಕಿದ್ದರೆ ಗಮ್ಮಿ ಸ್ಟೋನ್‌ (ತುಕ್ಕು ತೆಗೆಯುವ ರಬ್ಬರ್ ಉಜ್ಜುಗಲ್ಲು) ನಿಂದ ಉಜ್ಜಿ. ತಳಕ್ಕೆ ದಪ್ಪಗೆ ಮೇಣ ಬಿಸಿ ಮಾಡಿ ಹಚ್ಚಿ, ಅಂಚಿನ ಮೇಲೂ ಹರಿಯಲಿ, ಕೆರೆಯದೆ ಹಾಗೇ ಬಿಡಿ. ಬಟ್ಟೆಯ ಇಸ್ತ್ರಿಪೆಟ್ಟಿಗೆ ಬೇಡ; ಅದರ ಶಾಖ ಏರಿಳಿದು ತಳ ಸುಡಬಹುದು. ಚೀಲದೊಳಗೆ ಹಾಕಿ ಮುಚ್ಚಿಡಬೇಡಿ, ಮಂಚದಡಿ ಬರಿದೇ ಮಲಗಿಸಿಡಿ. ಆ ಮೇಣ ಕೆರೆಯುವುದು ಡಿಸೆಂಬರ್‌ನಲ್ಲಿ, ಹೊರಡುವ ಹಿಂದಿನ ದಿನ.