60 ದಿನದ ಉಳ್ಳಾಗಡ್ಡಿಗೆ ಈಗ ಯಾವ ಗೊಬ್ಬರ ಹಾಕಬೇಕು?

ಕುಷ್ಟಗಿ ಕಡೆ ಎರಡು ಎಕರೆ, ನಾಟಿ ಮಾಡಿ 60 ದಿನ, ಗಡ್ಡೆ ದಪ್ಪ ಆಗೋಕೆ ಏನು ಹಾಕಲಿ ಅಂತ ಕೇಳಿದ್ದೀರಿ. ಏನೂ ಹಾಕಬೇಡಿ ಅಣ್ಣ. ಯೂರಿಯಾ ಅಂತೂ ಮುಟ್ಟಲೇಬೇಡಿ.

ನಮ್ಮದು ಯಲಬುರ್ಗಾ ತಾಲ್ಲೂಕಿನ ಮಸಾರಿ ಹೊಲ, ಬೋರ್‌ವೆಲ್ ನೀರು. ಒಂದು ಹಿಂಗಾರಿನಲ್ಲಿ ಬೆಳೆ ಚೆನ್ನಾಗೇ ಇತ್ತು. ಆದರೆ ಪಕ್ಕದ ಹೊಲದ ಗಡ್ಡೆ ಇನ್ನೂ ದಪ್ಪ ಕಂಡಿತು. ಮನಸ್ಸು ತಡೆಯಲಿಲ್ಲ, ಗಡ್ಡೆ ದಪ್ಪ ಆಗೋ ಹೊತ್ತಲ್ಲಿ ಯೂರಿಯಾ ಎರಚಿ ನೀರು ಬಿಟ್ಟೆ. ವಾರದೊಳಗೆ ಹೊಲ ಕಪ್ಪು ಹಸಿರಾಯಿತು. ನೋಡಿದವರೆಲ್ಲ ಹೊಗಳಿದರು.

ಅದೇ ನನ್ನನ್ನು ಮುಳುಗಿಸಿದ್ದು. ಆ ಹೊತ್ತಿಗೆ ಗಿಡ ಎಲೆಯಲ್ಲಿರೋ ಸತ್ವವನ್ನು ಗಡ್ಡೆಗೆ ಇಳಿಸುತ್ತಿರುತ್ತದೆ. ಆಗ ಯೂರಿಯಾದ ಸಾರಜನಕ ಕೊಟ್ಟರೆ ಮತ್ತೆ ಹೊಸ ಎಲೆ ಬಿಡೋಕೆ ಶುರು ಮಾಡುತ್ತದೆ. ಎಳೆ ಎಲೆಗೆ ಥ್ರಿಪ್ಸ್ ನುಸಿ ಮುತ್ತುತ್ತದೆ, ಎಲೆಯ ಮೇಲೆ ಬಿಳಿ ಗೆರೆ ಬೀಳುತ್ತವೆ. ಅದಕ್ಕಿಂತ ದೊಡ್ಡ ಪೆಟ್ಟು ಗಡ್ಡೆಗೆ ಎಲೆ ಸೇರೋ ಕುತ್ತಿಗೆಗೆ. ಪಕ್ಕದ ಹೊಲದಲ್ಲಿ ಗಡ್ಡೆ ಬಲಿತು, ಕುತ್ತಿಗೆ ಮೆತ್ತಗಾಗಿ ಎಲೆ ಬಿದ್ದವು. ನಮ್ಮವು ಹೆಬ್ಬೆರಳಿನಷ್ಟು ದಪ್ಪ ಆಗಿ ನಿಂತೇ ಇದ್ದವು. ಹಾಗೇ ಕಿತ್ತೆವು. ದಪ್ಪ ಕುತ್ತಿಗೆ ಒಣಗೋದಿಲ್ಲ, ಕೊಳೆ ರೋಗ ಅಲ್ಲಿಂದಲೇ ಒಳಗೆ ಇಳಿಯುತ್ತದೆ. ರೇಟು ಏರಲಿ ಅಂತ ಶೆಡ್ಡಿನಲ್ಲಿಟ್ಟರೆ ಚೀಲದ ತಳ ಒದ್ದೆಯಾಯಿತು. ಗಡ್ಡೆಯ ಹೊರಸಿಪ್ಪೆ ಕೆಂಪಗೆ ಚಂದ ಇತ್ತು. ಹೆಚ್ಚಿ ನೋಡಿದರೆ ನಡುವಿನ ಒಂದೆರಡು ಪದರು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿದ್ದವು. ಮಾರುಕಟ್ಟೆಗೆ ಒಯ್ದಾಗ ಖರೀದಿದಾರರು ಚೀಲದೊಳಗೆ ಕೈ ಹಾಕಿ, ಬೆರಳು ಮೂಸಿ, ಮುಂದಿನ ರಾಶಿಗೆ ಹೋಗಿಬಿಟ್ಟರು.

ಗಡ್ಡೆಯ ಗಾತ್ರ ಬಹುಪಾಲು ಮೊದಲ 45 ದಿನದಲ್ಲಿ ಬಂದ ಎಲೆಯ ಮೇಲೆ ನಿಂತಿದೆ. ಅರ್ಧ ಸಾರಜನಕ ನಾಟಿ ಹೊತ್ತಿಗೆ, ಉಳಿದದ್ದು 30 ದಿನಕ್ಕೆ, ಅಲ್ಲಿಗೆ ಮುಗೀತು. ರಂಜಕ, ಪೊಟ್ಯಾಷ್, ತಿಪ್ಪೆಗೊಬ್ಬರ ಮೊದಲೇ ಹೋಗಬೇಕು. ಸಾಲಿಂದ ಸಾಲಿಗೆ 15 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಬಿಡಿ. ಒತ್ತಾಗಿ ಹಚ್ಚಿ ಆಮೇಲೆ ಗೊಬ್ಬರದಿಂದ ದಪ್ಪ ಮಾಡ್ತೀನಿ ಅಂದರೆ ಆಗಲ್ಲ. ಮುಂದಿನ ಮುಂಗಾರಿಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್ ತಳಿ ನೋಡಿ. ನೇರಳೆ ಮಚ್ಚೆ ರೋಗವನ್ನು ಅದು ಸ್ವಲ್ಪ ತಡೆಯುತ್ತದೆ.

ಈಗ ನಿಮ್ಮ ಕೈಯಲ್ಲಿರೋದು ನೀರು ಮಾತ್ರ. ಇದರ ಬೇರು ಆಳಕ್ಕೆ ಹೋಗಲ್ಲ, ಅದಕ್ಕೇ ಸ್ವಲ್ಪ ಸ್ವಲ್ಪ, ಪದೇ ಪದೇ ಕೊಡಿ. ಒಣಗಿಸಿ ಒಮ್ಮೆಲೇ ತುಂಬ ಬಿಟ್ಟರೆ ಗಡ್ಡೆ ಸೀಳುತ್ತದೆ. ಕೀಳೋಕೆ 10-15 ದಿನ ಮೊದಲು ನೀರು ಪೂರ್ತಿ ನಿಲ್ಲಿಸಿ. ಅರ್ಧ ಗಿಡದ ಕುತ್ತಿಗೆ ಬಿದ್ದ ಮೇಲೆ ಕೀಳಿ. ಒಂದು ಸಾಲಿನ ಎಲೆ ಇನ್ನೊಂದು ಸಾಲಿನ ಗಡ್ಡೆಯನ್ನು ಮುಚ್ಚೋ ಹಾಗೆ ಮೂರ್ನಾಲ್ಕು ದಿನ ಹೊಲದಲ್ಲೇ ಒಣಗಿಸಿ. ಆಮೇಲೆ ಎರಡು ಸೆಂ.ಮೀ. ಕುತ್ತಿಗೆ ಬಿಟ್ಟು ಕತ್ತರಿಸಿ. ದಪ್ಪ ಕುತ್ತಿಗೆಯವು ಸಿಕ್ಕರೆ ಬೇರೆ ತೆಗೆದಿಟ್ಟು ಮೊದಲು ಮಾರಿಬಿಡಿ, ಶೆಡ್ಡಿಗೆ ಹಾಕಬೇಡಿ.